ಸುಳ್ಳುಹೊಳೆ ನಿಂತ ತಿರುವು

ಹಮ್ಮಾದಿಗೆ ಉದ್ದನೆಯ ಮಾತು ಕಂಡರೆ ಆಗುತ್ತಿರಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ಹಳೆಯ ಕಥೆ ತೆಗೆದರೆ ಮೂರನೇ ಲೋಟ ಚಹಾ ಬರುವುದರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಅವನು ಎದ್ದು ಚಪ್ಪಲಿ ಹುಡುಕುತ್ತಿದ್ದ. ನಾನು ಸಲ್ಲಾಮ್, ಕಚೇರಿಯ ಜೀಪು ಓಡಿಸುವವನು. ನನ್ನ ಬಾಯಿಗೆ ಬ್ರೇಕಿಲ್ಲ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆದರೂ ನಾವಿಬ್ಬರೂ ವರ್ಷಗಟ್ಟಲೆ ಒಂದೇ ತಟ್ಟೆಯಲ್ಲಿ ಉಂಡೆವು. ಅವನು ನನ್ನ ಮಾತನ್ನು ಅರ್ಧಕ್ಕೆ ಕಡಿಯುತ್ತಿದ್ದ, ಉಳಿದರ್ಧವನ್ನು ನಾನು ಮಾರನೆಯ ದಿನ ಹೇಳುತ್ತಿದ್ದೆ.

ನಮ್ಮದು ಹಳ್ಳಗಳ ನೀರು ನೋಡಿಕೊಳ್ಳುವ ಕಚೇರಿ. ಅಟ್ಲಾಸ್ ಬೆಟ್ಟದ ಈ ಕಡೆ ವರ್ಷವಿಡೀ ಹಳ್ಳದಲ್ಲಿ ಇರುವುದು ಕಲ್ಲು ಮತ್ತು ಕತ್ತೆ. ಆದರೆ ಮೇಲೆ ಒಂದು ರಾತ್ರಿ ಜೋರು ಮಳೆ ಬಿದ್ದರೆ ಸಾಕು, ಕೆಳಗೆ ಬಿಸಿಲು ಕಾಯುತ್ತಿರುವಾಗಲೇ ಕೆಂಪು ನೀರು ನುಗ್ಗಿ ಬರುತ್ತದೆ. ಅದು ಎಲ್ಲಿಗೆ, ಯಾವಾಗ, ಎಷ್ಟೆತ್ತರ ಬರುತ್ತದೆ ಅನ್ನುವುದನ್ನು ಮೊದಲೇ ಕಂಡುಹಿಡಿಯಲು ಕಚೇರಿಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಬೆಟ್ಟದ ಮೇಲೆ ಬಿದ್ದ ಮಳೆಯ ಅಳತೆಯನ್ನು ಅದಕ್ಕೆ ಕೊಟ್ಟರೆ, ಹಳ್ಳವನ್ನು ತನ್ನೊಳಗೇ ಹರಿಸಿ ತೋರಿಸುತ್ತದೆ. ಓದಿದವರು ಅದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ನಾನು ಸುಳ್ಳುಹೊಳೆ ಅನ್ನುತ್ತೇನೆ. ಮೊದಲು ನಕ್ಕರು, ಆಮೇಲೆ ಎಲ್ಲರ ಬಾಯಲ್ಲೂ ಅದೇ ಬಂತು.

ಆ ಕಂಪ್ಯೂಟರ್ ಕೋಣೆಯ ಯಜಮಾನ ಹಮ್ಮಾದಿ. ಯಜಮಾನ ಅಂದರೆ ಧೂಳು ಒರೆಸುವವನೂ ಅವನೇ, ಬೈಸಿಕೊಳ್ಳುವವನೂ ಅವನೇ. ಯಂತ್ರ ಒಂದು, ಕೇಳುವವರು ಹತ್ತಾರು ಜನ. ಅಂತರ್ಜಲದವರು, ಹೂಳಿನವರು, ಕಾಲೇಜಿನ ಹುಡುಗರು, ಎಲ್ಲರೂ ತಮ್ಮ ತಮ್ಮ ಸುಳ್ಳುಹೊಳೆ ತಂದು ಬಿಡುತ್ತಿದ್ದರು. ಕೆಲವು ಹೊಳೆಗಳು ಆಮೆಯ ತಮ್ಮಂದಿರು. ಒಂದು ಸಲ ಕಾಲೇಜಿನವನೊಬ್ಬನ ಹೊಳೆ ಶುಕ್ರವಾರ ಹೊರಟದ್ದು ಮಂಗಳವಾರವಾದರೂ ತೆವಳುತ್ತಲೇ ಇತ್ತು, ಉಳಿದವರದೆಲ್ಲ ಬಾಗಿಲಲ್ಲೇ ಕಾದು ಕೂತಿದ್ದವು. ನಮ್ಮ ದೊಡ್ಡ ಎಂಜಿನಿಯರ್ ಸಿ ತಿಜಾನಿ ಕೋಣೆಗೆ ಬಂದು ಕೂಗಾಡಿ, ಇನ್ನು ಮೇಲೆ ಯಾರ ಲೆಕ್ಕವಾದರೂ ಸರಿ, ಆರು ಗಂಟೆ ಮೀರಿದರೆ ಯಂತ್ರವೇ ಅದನ್ನು ಕೊಂದುಹಾಕಲಿ ಅಂದರು.

ಹಮ್ಮಾದಿಗೆ ಇಂಥ ಕೆಲಸ ಅಂದರೆ ಹಬ್ಬ. ಒಂದೇ ದಿನದಲ್ಲಿ ಕಾವಲು ಅನ್ನುವ ಪ್ರೋಗ್ರಾಂ ಬರೆದ. ಲೆಕ್ಕ ಶುರುವಾದಾಗ ಗಡಿಯಾರ ನೋಡಿಕೊಳ್ಳುವುದು, ಆಮೇಲೆ ಆಗಾಗ ಗಡಿಯಾರ ನೋಡಿ ಕಳೆಯುವುದು, ಆರು ಗಂಟೆ ದಾಟಿದರೆ ಕತ್ತು ಹಿಸುಕುವುದು. ಹೊಳೆಯೊಳಗೆ ಎಷ್ಟು ಹೊತ್ತಾಗಿದೆ ಅನ್ನುವುದು ಬೇರೆ ಮಾತು, ಅದು ಯಂತ್ರದ ಕನಸಿನ ಹೊತ್ತು. ಕಾವಲು ನೋಡುವುದು ನಮ್ಮ ಹೊತ್ತು, ಗೋಡೆಯ ಮೇಲಿರುವ ಹೊತ್ತು. ಎಲ್ಲರಿಗೂ ಇಷ್ಟೇ ಅರ್ಥವಾಗಿತ್ತು, ಇಷ್ಟೇ ಸಾಕಾಗಿತ್ತು.

"ನೀನು ಯಮದೂತನ ಕೆಲಸಕ್ಕೂ ಯಂತ್ರ ಮಾಡಿಬಿಟ್ಟೆಯಲ್ಲೋ" ಅಂದೆ ನಾನು.

"ಅವನಾದ್ರೂ ತಪ್ಪು ಮನೆಗೆ ಹೋಗಬಹುದು. ನನ್ನದು ಹೋಗಲ್ಲ" ಅಂದ.

ತಾಲಾತ್ ಹಳ್ಳದ ಸುಳ್ಳುಹೊಳೆಗೆ ಮಾತ್ರ ಐದೂವರೆ ಗಂಟೆ ಬೇಕಾಗುತ್ತಿತ್ತು. ಆರರ ಒಳಗೇ ಇತ್ತು, ಆದರೆ ಬೇಲಿಗೆ ಮೈ ತಾಗುವಷ್ಟು ಹತ್ತಿರ. ಅದನ್ನು ಅವನು ಬೇಕೆಂದೇ ಸೂಕ್ಷ್ಮವಾಗಿ ಕಟ್ಟಿದ್ದ, ತಿರುವು ತಿರುವನ್ನೂ ಅಳೆದು ಹಾಕಿದ್ದ. ಏಕೆಂದರೆ ಆ ಹಳ್ಳದ ಒಡಲಲ್ಲೇ ಭಾನುವಾರದ ಸಂತೆ ಕೂಡುತ್ತದೆ. ಆ ಸಂತೆಯಲ್ಲಿ ಅವನ ಅಕ್ಕ ರಕಿಯಾ ಕೂರುತ್ತಾಳೆ.

ರಕಿಯಾ ಅವನನ್ನು ಹೆತ್ತಿರಲಿಲ್ಲ, ಉಳಿದದ್ದನ್ನೆಲ್ಲ ಮಾಡಿದ್ದಳು. ತಾಯಿ ಸತ್ತಾಗ ಇವನಿನ್ನೂ ಮೊಲೆ ಬಿಟ್ಟಿರಲಿಲ್ಲವಂತೆ. ಮೇಕೆಯ ಹಾಲು ಕುಡಿಸಿ ಬೆಳೆಸಿದಳು, ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಟ್ಟಳು. ಕೇಳಿಕೊಂಡು ಬಂದ ಗಂಡುಗಳಿಗೆ "ಮಗು ದೊಡ್ಡದಾಗಲಿ" ಅನ್ನುತ್ತಾ ಅನ್ನುತ್ತಾ ತಲೆ ನರೆಯಿತು. ಆಡಲು ಬಿಟ್ಟರೆ ಮನೆಗೆ ಬರದವನಿಗೆ ಅವಳೇ ಒಂದು ಕಟ್ಟಳೆ ಹಾಕಿದ್ದಳು. ಖರ್ಜೂರದ ಮರದ ನೆರಳು ಬಾಗಿಲ ಕಲ್ಲು ಮುಟ್ಟಿದರೆ ಆಟ ಮುಗಿಯಿತು, ಗೆದ್ದಿರಲಿ, ಸೋತಿರಲಿ. ನನ್ನನ್ನು ಕೇಳಿದರೆ ಹಮ್ಮಾದಿ ಕಾವಲು ಬರೆದದ್ದು ತಿಜಾನಿಯ ಮಾತಿಗಲ್ಲ, ಆ ನೆರಳಿನ ಅಭ್ಯಾಸಕ್ಕೆ.

ನಾನು ಅವಳ ಮನೆಗೆ ಹೋದಾಗಲೆಲ್ಲ ಎಣ್ಣೆಯಲ್ಲಿ ಅದ್ದಿದ ರೊಟ್ಟಿ, ಎರಡು ಮೊಟ್ಟೆ, ಮತ್ತು ಬೈಗುಳ ಸಿಗುತ್ತಿದ್ದವು. ಅವಳು ಮಾರುತ್ತಿದ್ದದ್ದು ಮೊಟ್ಟೆ ಮತ್ತು ಕೋಳಿ. ಸರ್ಕಾರದ ಗಂಟೆ ಅಂದರೆ ಅವಳಿಗೆ ಉರಿ.

"ರಂಜಾನ್ ಬಂತು ಅಂತ ಗಂಟೆ ಹಿಂದಕ್ಕೆ ಇಡ್ತೀರಿ, ಹಬ್ಬ ಮುಗೀತು ಅಂತ ಮುಂದಕ್ಕೆ ಇಡ್ತೀರಿ. ಗಂಟೆ ಏನು ಕೋಳಿಗೂಡೇನೋ ಸಲ್ಲಾಮ್, ಬೇಕಾದ ಕಡೆ ಎತ್ತಿಡೋಕೆ?"

"ನಾನೇನು ಮಾಡ್ಲಿ ಅಕ್ಕಾ, ನಾನು ಡ್ರೈವರು. ಮಂತ್ರಿಗಳನ್ನ ಕೇಳು."

"ಮಂತ್ರಿಗೆ ಹೇಳು, ನನ್ನ ಕೋಳಿ ಹಳೇ ಗಂಟೆಗೇ ಕೂಗುತ್ತೆ ಅಂತ."

ಯಂತ್ರದ ಮೇಲೆ ಮಾತ್ರ ಅವಳಿಗೆ ಎಲ್ಲಿಲ್ಲದ ನಂಬಿಕೆ. ಯಂತ್ರದ ಮೇಲೆ ಅಂದರೆ ತಮ್ಮನ ಮೇಲೆ. ಮೊದಲೆಲ್ಲ ಸಂತೆಯ ದಿನ ಬಾ ಅಸ್ಸು ಅನ್ನುವ ಮುದುಕ ಮೇಲಿನ ದಿಬ್ಬದಲ್ಲಿ ಕೂತು ಬೆಟ್ಟದ ಕಡೆ ನೋಡುತ್ತಿರುತ್ತಿದ್ದ. ನೀರಿನ ಸುಳಿವು ಸಿಕ್ಕರೆ ತಮಟೆ ಬಡಿಯುತ್ತಿದ್ದ. ಯಂತ್ರ ಬಂದ ಮೇಲೆ ವ್ಯವಸ್ಥೆ ಬದಲಾಯಿತು. ಸುಳ್ಳುಹೊಳೆಯ ಕೊನೆಯ ಚಿತ್ರ ಪಾಳಿಯವನ ಫೋನಿಗೆ ಬರುತ್ತದೆ, ಸಂತೆಯ ಬಯಲು ನೀಲಿಯಾಗಿದ್ದರೆ ಅವನು ಊರಿನ ಆಡಳಿತ ನೋಡುವ ಕಾಯಿದ್‌ನ ಕಚೇರಿಗೆ ಹೇಳುತ್ತಾನೆ, ಅವರು ಮಸೀದಿಯ ಮೈಕಿನಲ್ಲಿ ಕೂಗಿಸುತ್ತಾರೆ. ನಾಲ್ಕು ವರ್ಷದಲ್ಲಿ ಮೂರು ಸಲ ಮೈಕು ಕೂಗಿತ್ತು, ಮೂರು ಸಲವೂ ನೀರು ಬಂದಿತ್ತು. ಬಾ ಅಸ್ಸುವನ್ನು ದಿಬ್ಬದಿಂದ ಇಳಿಸಿದವಳೇ ರಕಿಯಾ. "ನಿನ್ನ ಕಣ್ಣಿಗೆ ಪೊರೆ ಬಂದಿದೆ ತಾತ, ನನ್ನ ತಮ್ಮನ ಯಂತ್ರಕ್ಕೆ ಪೊರೆ ಬರಲ್ಲ, ಬಂದು ನೆರಳಲ್ಲಿ ಕೂತ್ಕೋ" ಅಂದಳು. ಮುದುಕನಿಗೂ ಕಾಲು ನೋಯುತ್ತಿತ್ತು, ಇಳಿದು ಬಂದ.

ಆ ವರ್ಷ ರಂಜಾನ್ ಶುರುವಿನಲ್ಲಿ ಒಂದು ತಮಾಷೆ ನಡೆಯಿತು. ತಮಾಷೆ ಅಂತಲೇ ಆಗ ಅಂದುಕೊಂಡದ್ದು. ಗೀತಾ ಅಂತ ಒಬ್ಬ ಕಾಲೇಜು ಹುಡುಗಿ, ನಮ್ಮ ಕಡೆ ಆ ಹೆಸರು ಇದೆ, ಶನಿವಾರ ರಾತ್ರಿ ತನ್ನ ಲೆಕ್ಕ ಬಿಟ್ಟು ಹೋಗಿದ್ದಳು. ಅದು ಆರೂವರೆ ಗಂಟೆಯ ಲೆಕ್ಕ, ಸಾಯುವುದು ಖಂಡಿತ ಅಂತ ಅವಳಿಗೂ ಗೊತ್ತಿತ್ತು. ಬೆಳಗ್ಗೆ ಬಂದು ನೋಡಿದರೆ ಪೂರ್ತಿ ಮುಗಿದು ಕೂತಿದೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಜೇನು ಸುರಿಯುವ ಶೆಬಾಕಿಯಾ ತಂದು ಎಲ್ಲರಿಗೂ ಹಂಚಿದಳು.

ಹಮ್ಮಾದಿಗೆ ಕಾರಣ ಕೂಡಲೇ ಹೊಳೆದಿತ್ತು. "ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯ್ತಲ್ಲ, ಕಾವಲಿಗೆ ಅದು ಗೊತ್ತಾಗಿಲ್ಲ. ಏಳು ಗಂಟೆಯನ್ನ ಆರು ಅಂತ ಎಣಿಸಿದೆ."

"ರಂಜಾನ್ ಕೊಟ್ಟ ಉಡುಗೊರೆ ಅನ್ನು" ಅಂದೆ ನಾನು, ಬಾಯಿ ತುಂಬ ಸಿಹಿ ಇಟ್ಟುಕೊಂಡು.

"ಸರಿ ಮಾಡ್ಬೇಕು. ಗಡಿಯಾರ ನೋಡೋದನ್ನ ಬಿಟ್ಟು ಯಂತ್ರದ ಮಿಡಿತ ಎಣಿಸೋ ಹಾಗೆ ಬರೀಬೇಕು. ಹಬ್ಬ ಆದ್ಮೇಲೆ ಮಾಡ್ತೀನಿ, ಈಗ ತಲೆ ಓಡಲ್ಲ."

ರಂಜಾನಿನಲ್ಲಿ ನಮ್ಮ ಕಡೆ ಎಲ್ಲ ಕೆಲಸಕ್ಕೂ ಇದೇ ಉತ್ತರ. ಚರಂಡಿ ಒಡೆದರೂ ಹಬ್ಬ ಆದ್ಮೇಲೆ, ಮಗಳ ನಿಶ್ಚಿತಾರ್ಥವೂ ಹಬ್ಬ ಆದ್ಮೇಲೆ. ಕೊಟ್ಟ ಗಂಟೆಯನ್ನು ಸರ್ಕಾರ ಹಬ್ಬದ ರಜೆಯಲ್ಲೇ ವಾಪಸ್ ಕಿತ್ತುಕೊಳ್ಳುತ್ತದೆ ಅನ್ನುವುದು, ಪ್ರತಿ ವರ್ಷ ಅನುಭವಿಸುವ ನಮಗೆ ಯಾರಿಗೂ ಹೊಳೆಯಲಿಲ್ಲ. ಶೆಬಾಕಿಯಾ ಅಷ್ಟು ಚೆನ್ನಾಗಿತ್ತು.

ಹಬ್ಬದ ಮರುದಿನ, ಶನಿವಾರ ರಾತ್ರಿ, ಬೆಟ್ಟದ ಮೇಲೆ ಮಳೆ ಬಿತ್ತು. ಮಳೆಮಾಪಕಗಳು ಸುದ್ದಿ ಕಳಿಸಿದವು, ಯಾರ ನಿದ್ದೆಯನ್ನೂ ಕೆಡಿಸದೆ ತಾಲಾತ್ ಹಳ್ಳದ ಸುಳ್ಳುಹೊಳೆ ತಾನಾಗಿ ಹರಿಯತೊಡಗಿತು. ನಾವೆಲ್ಲ ಮಲಗಿದ್ದಾಗ ಸರ್ಕಾರದ ಗಡಿಯಾರ ಎರಡರಿಂದ ನೆಟ್ಟಗೆ ಮೂರಕ್ಕೆ ಹಾರಿತು.

ಭಾನುವಾರ ಬೆಳಗ್ಗೆ ನಾನು ಹಮ್ಮಾದಿಯನ್ನು ಅಕ್ಕನ ಊರಿಗೆ ಬಿಡಬೇಕಿತ್ತು. ಹಬ್ಬಕ್ಕೆ ಅವಳಿಗೊಂದು ಕುಕ್ಕರ್ ಕೊಂಡು ಕಚೇರಿಯಲ್ಲಿ ಇಟ್ಟಿದ್ದ, ತೆಗೆದುಕೊಳ್ಳಲು ಒಳಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಬೈಯಲು ಹೊಸ ಮಾತು ಹೊಂದಿಸಿಕೊಂಡು ನಾನೇ ಒಳಗೆ ಹೋದೆ. ಅವನು ಪರದೆಯ ಮುಂದೆ ನಿಂತಿದ್ದ, ಕುಕ್ಕರ್ ಕಂಕುಳಲ್ಲಿತ್ತು.

"ಸಲ್ಲಾಮ್, ಗಂಟೆ ಎಷ್ಟು?"

"ಯಾವ ಗಂಟೆ? ಹಳೇದೋ, ಹೊಸದೋ?" ಅಂದೆ. ಪ್ರತಿ ವರ್ಷ ಈ ದಿನ ಎಲ್ಲರೂ ಮಾಡುವ ತಮಾಷೆ ಅದು. ಅವನು ನಗಲಿಲ್ಲ.

ಪರದೆಯ ಮೇಲೆ ಹಳ್ಳದ ಚಿತ್ರವಿತ್ತು. ಬೆಟ್ಟದಿಂದ ನೀಲಿ ಬಣ್ಣ ಇಳಿದು ಬಂದು, ಸಂತೆಯ ಬಯಲಿಗಿಂತ ಒಂದು ತಿರುವು ಮೇಲೆ ನಿಂತುಬಿಟ್ಟಿತ್ತು. ಬಯಲು ಖಾಲಿ, ಒಣಗಿದ ಕಂದು. ಚಿತ್ರದ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು. ಸಮಯ ಮೀರಿದ್ದರಿಂದ ನಿಲ್ಲಿಸಲಾಗಿದೆ.

"ನೀರು ನಿಂತಿದೆಯಲ್ಲ, ಒಳ್ಳೇದೇ ಆಯ್ತು" ಅಂದೆ. ನನಗೆ ನಿಜವಾಗಿ ಹಾಗೇ ಕಂಡಿತ್ತು.

"ನೀರು ನಿಂತಿಲ್ಲ. ನಾನು ನಿಲ್ಲಿಸಿದ್ದೀನಿ" ಅಂದ. "ರಾತ್ರಿ ಗಡಿಯಾರ ಹಾರಿತಲ್ಲ, ಐದು ಗಂಟೆ ಓಡಿದ್ದನ್ನ ಕಾವಲು ಆರು ಅಂತ ಎಣಿಸಿ ಕತ್ತು ಹಿಸುಕಿದೆ. ಇನ್ನರ್ಧ ಗಂಟೆ ಬಿಟ್ಟಿದ್ರೆ ಬಯಲಿಗೆ ಬರುತ್ತೋ ಇಲ್ಲವೋ ತೋರಿಸ್ತಿತ್ತು."

ಪಾಳಿಯ ಖದ್ದೂರನಿಗೆ ಫೋನ್ ಮಾಡಿದ. ಅವನಿನ್ನೂ ಹಾಸಿಗೆಯಲ್ಲಿದ್ದ. "ಚಿತ್ರ ನೋಡಿದೆನಪ್ಪ, ಬಯಲು ಒಣಗಿತ್ತು. ಕಾಯಿದ್ ಕಚೇರಿಗೂ ಹೇಳಿಬಿಟ್ಟೆ, ಸಂತೆ ನಡೀಲಿ ಅಂತ. ಯಾಕೆ?" ಕೆಳಗಿನ ಸಾಲು ಓದಲಿಲ್ಲವಾ ಅಂತ ಹಮ್ಮಾದಿ ಕೇಳಿದ. "ಯಾವ ಸಾಲು?" ಅಂದ ಖದ್ದೂರ.

ಕಾಯಿದ್ ಕಚೇರಿಗೆ ಮಾಡಿದರೆ ಗುಮಾಸ್ತ ಎತ್ತಿದ. "ಈಗ ತಾನೇ ನಿಮ್ಮವರೇ ಒಣಗಿದೆ ಅಂದ್ರು, ಈಗ ನೀವು ಬರಬಹುದು ಅಂತೀರಿ. ಬರುತ್ತೋ ಇಲ್ಲವೋ, ಒಂದು ಹೇಳಿ ಸಾಹೇಬ್ರೆ. ಹಬ್ಬದ ಸಂತೆ, ಸುಮ್ಮನೆ ಎಬ್ಬಿಸಿದ್ರೆ ಜನ ನನ್ನ ಚರ್ಮ ಸುಲೀತಾರೆ. ದೊಡ್ಡ ಎಂಜಿನಿಯರ್ ಕೈಲಿ ಹೇಳಿಸಿ." ತಿಜಾನಿಯ ಫೋನ್ ಬಂದ್ ಆಗಿತ್ತು. ರಕಿಯಾಳ ಫೋನು ಹಳ್ಳದ ಒಡಲಲ್ಲಿ ಯಾವತ್ತೂ ಸಿಗುವುದಿಲ್ಲ.

ಜೀಪನ್ನು ನಾನು ಹಾಗೆ ಯಾವತ್ತೂ ಓಡಿಸಿರಲಿಲ್ಲ. ಕುಕ್ಕರ್ ಅವನ ತೊಡೆಯ ಮೇಲೆ ಕುಣಿಯುತ್ತಿತ್ತು, ಅದನ್ನು ಕೆಳಗಿಡಲೂ ಅವನಿಗೆ ಹೊಳೆಯಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಏನೂ ಆಗಲ್ಲ, ನೋಡು ಬಿಸಿಲು, ಅಂತ ನಾನು ಹೇಳುತ್ತಲೇ ಇದ್ದೆ. ಕೊನೆಯ ಏರು ಹತ್ತಿದಾಗ ಎಂಜಿನ್ನಿನ ಸದ್ದಿಗಿಂತ ದೊಡ್ಡ ಸದ್ದು ಕೇಳಿಸಿತು, ಮೇಲೆ ನಿಂತು ನೋಡಿದರೆ ಸಂತೆ ಇರಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ಹೋಗುತ್ತಿತ್ತು. ಡೇರೆಯ ಬಟ್ಟೆಗಳು, ಟೊಮೆಟೊ ಪೆಟ್ಟಿಗೆಗಳು, ಒಂದು ಹೇಸರಗತ್ತೆ ತೇಲಿಹೋದವು. ದಡದಲ್ಲಿ ಹೆಂಗಸರು ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ಈಗಲೂ ಆ ಹೆಸರುಗಳು ಕಿವಿಯಲ್ಲಿವೆ, ಅವನ್ನು ಇಲ್ಲಿ ಬರೆಯಲಾರೆ.

ರಕಿಯಾ ಸಿಕ್ಕಿದ್ದು ಮಾರನೆಯ ದಿನ, ಬಹಳ ಕೆಳಗೆ, ಹಳ್ಳದ ಪೊದೆಯಲ್ಲಿ. ಹಮ್ಮಾದಿಯೇ ಬಿಡಿಸಿಕೊಂಡು ಎತ್ತಿದ. ಚಿಕ್ಕಂದಿನಲ್ಲಿ ಅವಳು ಅವನನ್ನು ಹೊತ್ತು ದಾಟಿಸುತ್ತಿದ್ದ ಹಳ್ಳ ಅದೇ. ನಾನು ಕೈ ಕೊಡಲು ಹೋದೆ, ಬೇಡವೆಂದ.

ದಫನಕ್ಕೆ ಊರಿನವರು ಬರಲಿಲ್ಲ. ಎಲ್ಲ ಮನೆಯಲ್ಲೂ ಸಾವಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ಗೋರಿ ತೋಡುವವರು ಸಾಲಿನಲ್ಲಿ ಜಾಗ ಬಿಡದೆ, ದೂರ, ಗೋಡೆಯ ಪಕ್ಕಕ್ಕೆ ತೋಡಿದ್ದರು. ಮೂರನೆಯ ದಿನ ಯಮ್ನಾ ಬಂದಳು. ಸಂತೆಯಲ್ಲಿ ರಕಿಯಾಳ ಪಕ್ಕದಲ್ಲೇ ಸೊಪ್ಪು ಮಾರುತ್ತಿದ್ದವಳು ಅವಳು, ಮಗಳನ್ನು ನೀರಿಗೆ ಕೊಟ್ಟಿದ್ದಳು. ಹೊಸ್ತಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಯಾಕೆ ಯಾರೂ ಬರಲಿಲ್ಲ ಅಂತ ಯೋಚನೆ ಮಾಡ್ತಿದ್ದೀಯಾ ಹಮ್ಮಾದಿ? ಕೇಳು. ನಮಗೆ ಕೆಸರಿನ ವಾಸನೆ ಬಂದಿತ್ತು. ಕತ್ತೆಗಳು ಹಗ್ಗ ಎಳೀತಿದ್ವು. ಬಾ ಅಸ್ಸು ಎದ್ದು ನಿಂತು ಏಳಿ ಏಳಿ ಅಂತ ಅಂದ. ನಾನು ಬುಟ್ಟಿ ಎತ್ತಿದ್ದೆ. ನಿನ್ನ ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು. ಕೂತ್ಕೊಳ್ರೇ, ನೀರು ಬರೋ ಹಾಗಿದ್ರೆ ನನ್ನ ತಮ್ಮ ಮೈಕಲ್ಲಿ ಕೂಗಿಸದೆ ಇರ್ತಿದ್ನಾ, ಅಂದಳು. ಅವಳ ಮಾತಿಗೆ ಎಲ್ಲರೂ ಕೂತ್ವಿ. ಅವಳ ಸುಳ್ಳಿಗೆ ನನ್ನ ಮಗಳು ಹೋದಳು."

"ಅಕ್ಕ ಸುಳ್ಳು ಹೇಳಿಲ್ಲ" ಅಂದ ಹಮ್ಮಾದಿ.

"ಹಾಗಾದ್ರೆ ಮೈಕು ಯಾಕೆ ಕೂಗಲಿಲ್ಲ?"

ಯಮ್ನಾ ಹೊಸ್ತಿಲಿನ ಆಚೆಗೆ ಉಗುಳಿ ಹೋದಳು. ಬದುಕಿದ್ದಾಗ ಆ ಊರಿಗೆಲ್ಲ ಮೊಟ್ಟೆ ಸಾಲ ಕೊಟ್ಟು ಕೇಳಲು ನಾಚುತ್ತಿದ್ದ ಹೆಂಗಸು, ಸತ್ತ ಮೇಲೆ ಊರನ್ನು ಕೊಂದವಳಾದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಗಳು ಸತ್ತ ತಾಯಿಯನ್ನು ಬೈಯಲಾಗದೆ ಜೀಪಿನ ಚಕ್ರಕ್ಕೆ ಒದ್ದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ರಾಜಧಾನಿಯಿಂದ ವಿಚಾರಣೆಯವರು ಬಂದರು. ಅವರು ಕೇಳಿದ ಮುಖ್ಯ ಪ್ರಶ್ನೆ ಒಂದೇ. ಲೆಕ್ಕ ಪೂರ್ತಿ ಓಡಿದ್ದರೆ ಯಂತ್ರ ಎಚ್ಚರಿಕೆ ಕೊಡುತ್ತಿತ್ತೇ? ಸಿ ತಿಜಾನಿ ಹಮ್ಮಾದಿಯನ್ನು ಕರೆಸಿಕೊಂಡರು. ನಾನು ಜೀಪಿನ ಬೀಗದ ಕೈ ಕೊಡಲು ಹೋದವನು ಬಾಗಿಲಲ್ಲೇ ನಿಂತೆ, ಯಾರೂ ಹೊರಗೆ ಹೋಗು ಅನ್ನಲಿಲ್ಲ.

"ನೋಡು ಮಗನೇ" ಅಂದರು ತಿಜಾನಿ. ಅಲ್ಲಿಯವರೆಗೆ ಅವರು ಅವನನ್ನು ಮಗನೇ ಅಂದದ್ದಿಲ್ಲ. "ನಿಂತ ಲೆಕ್ಕ ನಿಂತೇ ಇರಲಿ. ಮುಂದೆ ಏನು ತೋರಿಸ್ತಿತ್ತೋ ಯಾರಿಗೆ ಗೊತ್ತು? ಆ ತಿರುವಲ್ಲಿ ನೀರು ಆಚೆ ಹೊಲಕ್ಕೆ ಹರಡಿಹೋಗ್ತಿತ್ತು ಅಂತಲೂ ಬರಬಹುದಿತ್ತು. ಯಂತ್ರದ ಕೈಲಿ ಇಂಥದ್ದೆಲ್ಲ ಆಗಲ್ಲ ಅಂತ ನಾವು ಹೇಳೋಣ. ಆಗ ಗಡಿಯಾರದ ವಿಷಯವೇ ಏಳಲ್ಲ. ನಿನಗೂ ತೊಂದರೆ ಇಲ್ಲ, ಯಾರಿಗೂ ಇಲ್ಲ."

"ಆಗ ಅಕ್ಕ ಹೇಳಿದ್ದು ಸುಳ್ಳು ಅಂತ ಆಗುತ್ತೆ ಸಾಹೇಬ್ರೆ."

"ಸತ್ತವರಿಗೆ ಯಾವ ಮಾನ ಹೋಗುತ್ತಪ್ಪ? ಬದುಕಿರೋನು ನೀನು."

"ಮೂಲೇಲಿ ಹೂತಿದ್ದಾರೆ ಸಾಹೇಬ್ರೆ" ಅಂದ ಹಮ್ಮಾದಿ. "ಗೋಡೆ ಪಕ್ಕದಲ್ಲಿ."

ಅವನ ಅವಸ್ಥೆ ನನಗೆ ಆಗಲೇ ಅರ್ಥವಾಗಿತ್ತು. ಪೂರ್ತಿ ಓಡಿಸಿ ನೋಡಿದಾಗ ಬಯಲು ಒಣಗಿಯೇ ಉಳಿದರೆ ಅವನು ಬಚಾವ್, ಅಕ್ಕ ಸುಳ್ಳಿ. ಬಯಲು ನೀಲಿಯಾದರೆ ಅಕ್ಕನ ಮಾತು ನಿಜ, ಕೊಂದವನು ಇವನು. ಓಡಿಸದೆ ಬಿಡುವುದು ಎಲ್ಲಕ್ಕಿಂತ ಸುಲಭ. ನಾನಾಗಿದ್ದರೆ ಬಿಡುತ್ತಿದ್ದೆ ಅನ್ನಿಸುತ್ತದೆ, ಹೇಗೂ ನಾನು ಡ್ರೈವರು, ದಾರಿ ಸುಲಭವಿದ್ದ ಕಡೆ ತಿರುಗಿಸುವವನು.

ಗುರುವಾರ ಬೆಳಗ್ಗೆ ಅವನು ಕಾವಲನ್ನು ಕಿತ್ತುಹಾಕಿ ಅದೇ ಮಳೆಯ ಅಳತೆಗೆ ಸುಳ್ಳುಹೊಳೆ ಬಿಟ್ಟ. ನನ್ನನ್ನು ಕೂತುಕೋ ಅಂದ. ಊಟಕ್ಕೂ ಏಳಲಿಲ್ಲ. ನನಗೆ ಮಾತಾಡದೆ ಕೂತು ಅಭ್ಯಾಸವಿಲ್ಲ, ಒಂದೆರಡು ಸಲ ಬಾಯಿ ತೆರೆದೆ, ಅವನು ಕಡಿಯಲೂ ಇಲ್ಲ, ಕೇಳಲೂ ಇಲ್ಲ. ನೀಲಿ ನಿಧಾನವಾಗಿ ಬೆಟ್ಟ ಇಳಿಯಿತು. ಮಧ್ಯಾಹ್ನದ ನಮಾಜಿನ ಕರೆ ಬಂದು ಹೋಯಿತು. ನೀಲಿ ಆ ತಿರುವಿಗೆ ಬಂದು, ಅವತ್ತು ನಿಂತ ಜಾಗ ಮುಟ್ಟಿದಾಗ ಹಮ್ಮಾದಿ ಕುರ್ಚಿಯ ಕೈ ಹಿಡಿದುಕೊಂಡ. ನನಗೆ ಒಳಗೊಳಗೇ ಹರಕೆ. ಆಚೆ ಹೊಲಕ್ಕೆ ಹೋಗು, ಆಚೆ ಹೊಲಕ್ಕೆ ಹೋಗು. ಅದು ತಿರುವು ತಿರುಗಿತು. ಬಯಲಿನ ಒಂದು ಮೂಲೆ ಬಣ್ಣ ಬದಲಾಯಿಸಿತು, ಆಮೇಲೆ ಮಧ್ಯ, ಆಮೇಲೆ ಎಲ್ಲ.

"ಬಂತು" ಅಂದ ಹಮ್ಮಾದಿ.

ಅವನ ಮುಖದ ಮೇಲೆ ಆಗ ಇದ್ದದ್ದನ್ನು ಸಮಾಧಾನ ಅಂದರೆ ನೀವು ನನ್ನನ್ನು ಹುಚ್ಚ ಅನ್ನುತ್ತೀರಿ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆದರೆ ಅಕ್ಕನನ್ನು ಎತ್ತಿದಾಗಿನಿಂದ ಬಗ್ಗಿದ್ದ ಬೆನ್ನು ನೇರವಾಯಿತು. ಚಿತ್ರವನ್ನು ಅಚ್ಚು ತೆಗೆದು, ಒಂದು ಪ್ರತಿ ವಿಚಾರಣೆಯವರ ಮೇಜಿನ ಮೇಲೆ ತಾನೇ ಇಟ್ಟು ಬಂದ. ಇನ್ನೊಂದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡ.

ಆ ಭಾನುವಾರ ಸಂತೆ ಮೇಲಿನ ದಡದಲ್ಲಿ ಕೂಡಿತ್ತು, ಅರ್ಧಕ್ಕರ್ಧ ಜನ. ಹಮ್ಮಾದಿ ಟೊಮೆಟೊ ಪೆಟ್ಟಿಗೆಯ ಮೇಲೆ ಹತ್ತಿ ನಿಂತ. ಗುಂಪಿನ ಮುಂದೆ ಯಾವತ್ತೂ ಮಾತಾಡಿದವನಲ್ಲ.

"ನನ್ನ ಅಕ್ಕ ನಿಮ್ಮನ್ನ ಕೂರಿಸಿದ್ದು ನಿಜ. ನೀರು ಬರೋ ಹಾಗಿದ್ರೆ ಯಂತ್ರ ಹೇಳುತ್ತೆ ಅಂದಳು. ಅದೂ ನಿಜ. ಯಂತ್ರ ಹೇಳೋದ್ರಲ್ಲಿತ್ತು. ನಾನು ಅದಕ್ಕೊಂದು ಕಾವಲು ಇಟ್ಟಿದ್ದೆ, ಆ ಕಾವಲು ಸರ್ಕಾರದ ಗಡಿಯಾರ ನಂಬಿಕೊಂಡು ಹೊತ್ತಿಗೆ ಮುಂಚೆ ಅದರ ಬಾಯಿ ಮುಚ್ಚಿತು. ಕಾವಲು ತಪ್ಪಿದೆ ಅಂತ ರಂಜಾನ್ ಶುರುವಿನಲ್ಲೇ ನನಗೆ ಗೊತ್ತಿತ್ತು. ಹಬ್ಬ ಆದ್ಮೇಲೆ ಸರಿ ಮಾಡೋಣ ಅಂತ ಬಿಟ್ಟೆ. ಅಕ್ಕ ನಿಮಗೆ ಸುಳ್ಳು ಹೇಳಿಲ್ಲ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಕಲ್ಲು ಬೀಳುತ್ತದೆ ಅಂತ ನಾನು ಜೀಪಿನ ಎಂಜಿನ್ ಆರಿಸಿರಲಿಲ್ಲ. ಯಾರೂ ಕಲ್ಲೆತ್ತಲಿಲ್ಲ. ಯಮ್ನಾ ಮುಂದೆ ಬಂದಳು, ಆ ಚಿತ್ರವನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುವುದಿಲ್ಲ, ಆದರೆ ಹಳ್ಳದ ತಿರುವು ಯಾರಿಗಾದರೂ ಗೊತ್ತಾಗುತ್ತದೆ.

"ಹಾಗಾದ್ರೆ ನೀನು" ಅಂದಳು.

"ಹೂಂ, ನಾನು" ಅಂದ.

ಬಾ ಅಸ್ಸು ತನ್ನ ಕೋಲು ಹಿಡಿದು ಎದ್ದ. ಹಮ್ಮಾದಿಯ ಕಡೆ ತಿರುಗಲೂ ಇಲ್ಲ. ದಿಬ್ಬದ ಕಡೆ ನಡೆದು, ನಡುವೆ ಎರಡು ಸಲ ಕೂತು, ಕೊನೆಗೆ ಹತ್ತಿ ತನ್ನ ಹಳೆಯ ಜಾಗದಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕೂತ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ, ಉದ್ದ ಮಾಡಿದರೆ ಅವನಿಗೆ ಸೇರುತ್ತಿರಲಿಲ್ಲ. ಹಮ್ಮಾದಿಯ ಕೆಲಸ ಹೋಯಿತು, ಮೊಕದ್ದಮೆ ಇನ್ನೂ ನಡೆಯುತ್ತಿದೆ. ಖದ್ದೂರ ಹಗಲು ಪಾಳಿಗೆ ಬಂದ. ಸಿ ತಿಜಾನಿಗೆ ರಾಜಧಾನಿಯಲ್ಲಿ ಬಡ್ತಿ ಸಿಕ್ಕಿತು, ದೊಡ್ಡವರು ಬೀಳುವುದೂ ಮೇಲಕ್ಕೇ. ಹಮ್ಮಾದಿ ಈಗ ಅಕ್ಕನ ಮನೆಯಲ್ಲೇ ಇದ್ದಾನೆ, ಅವಳ ಉಳಿದ ಕೋಳಿಗಳ ಜೊತೆ. ಊರಿನಲ್ಲಿ ಅವನಿಗೆ ಯಾರೂ ಮರುಸಲಾಮು ಹೇಳುವುದಿಲ್ಲ, ಅವನ ಮೊಟ್ಟೆ ಕೊಳ್ಳುವುದಿಲ್ಲ. ಎಣ್ಣೆ, ಸಕ್ಕರೆ, ಹಿಟ್ಟು ಎಲ್ಲ ನಾನೇ ಪಟ್ಟಣದಿಂದ ಕೊಂಡೊಯ್ಯಬೇಕು. ಕುಕ್ಕರ್ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಮೊನ್ನೆ ಶುಕ್ರವಾರ ಅವನನ್ನು ಕರೆದುಕೊಂಡು ಸ್ಮಶಾನಕ್ಕೆ ಹೋಗಿದ್ದೆ. ಆ ದಿನ ಹೆಂಗಸರು ಗೋರಿಗೆ ನೀರು ಹೊಯ್ದು, ಅಲ್ಲಿ ಇದ್ದವರಿಗೆಲ್ಲ ಒಣ ಅಂಜೂರವನ್ನೂ ರೊಟ್ಟಿಯನ್ನೂ ಹಂಚುತ್ತಾರೆ. ಗೋರಿಯ ದಾನ, ಎದುರಿಗೆ ಬಂದವರು ಯಾರೇ ಆಗಲಿ ಕೊಡಬೇಕು, ಶತ್ರುವಾದರೂ. ಯಮ್ನಾ ಮಗಳ ಗೋರಿಗೆ ನೀರು ಹೊಯ್ದಳು. ಕೊಡದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಸೊಂಟಕ್ಕೆ ಇಟ್ಟುಕೊಂಡು ಸಾಲು ದಾಟಿ ಗೋಡೆಯ ಪಕ್ಕಕ್ಕೆ ನಡೆದು ಬಂದು, ರಕಿಯಾಳ ತಲೆಯಿಂದ ಕಾಲಿನವರೆಗೆ ಹೊಯ್ದಳು. ಮಣ್ಣು ಕೈಯಿಂದ ಸರಿಮಾಡಿದಳು. ಆಮೇಲೆ ಬುಟ್ಟಿ ತೆಗೆದು ನನ್ನ ಕೈಗೆ ಎರಡು ಅಂಜೂರ ಹಾಕಿದಳು.

ಹಮ್ಮಾದಿಯೂ ಕೈ ಒಡ್ಡಿದ್ದ. ಅವಳು ಆ ಕೈಯನ್ನು ನೋಡಿದಳು, ಬುಟ್ಟಿ ಮುಚ್ಚಿಕೊಂಡು ಹೋದಳು.

ಜೀಪಿನಲ್ಲಿ ಕೂತ ಮೇಲೆ ನನ್ನ ಅಂಜೂರಗಳಲ್ಲಿ ಒಂದನ್ನು ಅವನ ಮುಂದೆ ಹಿಡಿದೆ. "ತಗೋ. ಅವಳಿಗೇನು ಗೊತ್ತಾಗುತ್ತೆ?"

"ಬೇಡ" ಅಂದ. ಕಿಟಕಿಯಿಂದ ಹಿಂದಕ್ಕೆ, ಒದ್ದೆಯಾಗಿದ್ದ ಗೋರಿಯ ಕಡೆ ನೋಡುತ್ತಿದ್ದ. "ಅಕ್ಕನಿಗೆ ನೀರು ಹೊಯ್ದಳು, ನೋಡಿದೆಯಾ? ಮಣ್ಣೂ ಸರಿಮಾಡಿದಳು. ಗಾಡಿ ತೆಗಿ."